ಕಾಜಾ ಅಕ್ಕನ ‘ಏನಿಲ್ಲ’

ಓರಗಿತ್ತಿಯ ಮುಖ ಸೊಟ್ಟಗಾದ ದಿನದಿಂದ ಕಾಜಾ ಅಕ್ಕನಿಗೆ ಹೊಟ್ಟೆಕಿಚ್ಚು. ನಗಬೇಡಿ, ಬಾಯಿ ತಪ್ಪಿ ಹೇಳಿದ್ದಲ್ಲ. ಚೆಂದದ ಮುಖ ಕಂಡು ಉರಿದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಸೊಟ್ಟ ಮುಖ ಕಂಡು ಉರಿದುಕೊಂಡವಳು ಇವಳೊಬ್ಬಳೇ ಇರಬೇಕು.

ದರ್ಜಿ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಕೈಯಲ್ಲೇ ಕಾಜಾ ಹಾಕುವುದು, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಕಟ್ಟುವುದು ಅವಳ ಕೆಲಸ. ಅದಕ್ಕೇ ಆ ಹೆಸರು. ಹುಟ್ಟಾ ಎಡಚಿ. ಲಸಿಕೆ ಶಿಬಿರದಲ್ಲಿ ನರ್ಸಮ್ಮ ಎಲ್ಲರಿಗೂ ಹಾಕಿದಂತೆ ಇವಳಿಗೂ ಎಡತೋಳಿಗೇ ಚುಚ್ಚಿದಳು. ಇದು ನನ್ನ ದುಡಿಯುವ ಕೈ, ಇನ್ನೊಂದಕ್ಕೆ ಹಾಕಿ ಎನ್ನಬಹುದಿತ್ತು, ಅನ್ನಲಿಲ್ಲ. ಹಿಂದೆ ನಿಂತಿದ್ದವಳು ಓರಗಿತ್ತಿ, ಮೈದುನನ ಹೆಂಡತಿ, ಬಟ್ಟೆ ಅಂಗಡಿಯ ಕ್ಯಾಷ್ ಕೌಂಟರಿನವಳು. ಅವಳು ಸೂಜಿ ಕಾಣುವ ಮೊದಲೇ ಶಿಬಿರವೆಲ್ಲ ತಿರುಗಿ ನೋಡುವಂತೆ ಕಿರುಚಿದಳು.

ಕೆಲವೇ ದಿನಗಳಲ್ಲಿ ಓರಗಿತ್ತಿಯ ಬಾಯಿ ಒಂದು ಕಡೆಗೆ ವಾಲಿತು, ಒಂದು ಕಣ್ಣು ಮುಚ್ಚದಾಯಿತು. ಅದೇ ವಾರ ಕಾಜಾ ಅಕ್ಕನ ಎಡಗೈ ಭುಜದಿಂದ ಬೆರಳ ತುದಿಯವರೆಗೆ ನೋವಿನಲ್ಲಿ ಉರಿದು, ಆಮೇಲೆ ಜೋಮು ಹಿಡಿದು ಹಾಗೇ ಉಳಿಯಿತು. ಹಿಡಿದ ಸೂಜಿ ಯಾವಾಗ ಜಾರಿತೋ ತಿಳಿಯದು. ಆದರೆ ಮುಖ ಎಲ್ಲರಿಗೂ ಕಾಣುತ್ತದೆ, ಜೋಮು ಯಾರಿಗೆ ಕಾಣುತ್ತದೆ? ನೆಂಟರೆಲ್ಲ ಹಣ್ಣಿನ ಚೀಲ ಹಿಡಿದು ಮೇಲಿನ ಮನೆಗೆ ಹತ್ತಿದರು. ಮೈದುನ ಹೆಂಡತಿಯ ಲೋಟಕ್ಕೆ ಸ್ಟ್ರಾ ಹಾಕಿ ಬಾಯಿಗೆ ಹಿಡಿದ. ಕೆಳಗಿನ ಮನೆಯಲ್ಲಿ ಇವಳ ಗಂಡ ಒಮ್ಮೆ, ಕೈಗೇನಾಯಿತು ಎಂದು ಕೇಳಿದ. ಇವಳು ‘ಏನಿಲ್ಲ’ ಎಂದಳು. ಅವನು ಮತ್ತೆ ಪೇಪರು ಬಿಡಿಸಿದ.

ಈ ‘ಏನಿಲ್ಲ’ವೇ ಅವಳಿಗೆ ಮುಳುವಾದದ್ದು. ನಮ್ಮಲ್ಲಿ ಎಷ್ಟೋ ಜನ ಮಾತು ಶುರು ಮಾಡುವುದೇ ಹಾಗೆ. ಬಾಗಿಲು ತಟ್ಟಿ, ಏನಿಲ್ಲ, ಸುಮ್ಮನೆ ಬಂದೆ ಎನ್ನುತ್ತಾರೆ; ಆಮೇಲೆ ಇಡೀ ಸಂಸಾರದ ಗೋಳು ಬಿಚ್ಚುತ್ತಾರೆ. ಲಸಿಕೆ ಹಾಕಿಸಿಕೊಂಡವರನ್ನು ವಿಚಾರಿಸಲು ನರ್ಸಮ್ಮ ಫೋನ್ ಮಾಡಿದಾಗಲೂ ಇವಳು, ‘ಏನಿಲ್ಲ ಸಿಸ್ಟರ್, ಎಡಗೈ...’ ಎಂದು ಬಾಯಿ ತೆರೆದಿದ್ದಳು. ಪಾಪ, ನರ್ಸಮ್ಮನಿಗೆ ಇನ್ನೂ ಅರ್ಧ ಬಡಾವಣೆ ಬಾಕಿ. ಮೊದಲ ಮಾತು ಬರೆದುಕೊಂಡು ಫೋನಿಟ್ಟಳು.

ಓರಗಿತ್ತಿಗೆ ಪರಿಹಾರ ಸಿಕ್ಕಿತು. ಲಸಿಕೆ ಮಾಡಿದ ಕಂಪನಿಯ ಮೇಲೆ ದಾವೆ ಹೂಡುವ ಹಾಗಿರಲಿಲ್ಲ, ಹೊಣೆಯನ್ನು ಸರ್ಕಾರ ಹೊತ್ತಿತ್ತು. ತಪ್ಪು ಯಾರದು ಎಂದು ಸಾಬೀತು ಮಾಡಬೇಕಿಲ್ಲ. ಲಸಿಕೆಯಿಂದಲೇ ಆಯಿತು ಎಂದು ವೈದ್ಯರ ಸಮಿತಿಗೆ ಮನವರಿಕೆಯಾದರೆ ಸಾಕು. ಮನವರಿಕೆ ಮಾಡುವುದನ್ನು ಓರಗಿತ್ತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟರಲ್ಲಿ ಅವಳ ಮುಖವೂ ನೆಟ್ಟಗಾಯಿತು, ಪರಿಹಾರದ ದುಡ್ಡಿನಲ್ಲಿ ತಿಳಿನೀಲಿ ಸೋಫಾವೂ ಬಂತು. ಕಾಜಾ ಅಕ್ಕನ ಅರ್ಜಿ ಮಾತ್ರ ವಾಪಸ್ ಬಂತು. ಆಗ ಏನೂ ಇಲ್ಲ ಎಂದವರಿಗೆ ಈಗ ಏನಾಯಿತು, ವರ್ಷಗಟ್ಟಲೆ ಸೂಜಿ ಹಿಡಿದ ಕೈ, ಜೋಮು ಕಸುಬಿನಿಂದ ಬಂದಿರಬೇಕು ಎಂದಿದ್ದರು ಸಮಿತಿಯವರು. ಇನ್ನು ಮೇಲ್ಮನವಿ ಒಂದೇ ಉಳಿದದ್ದು. ಅದೂ ಹೋದರೆ ಕೈಯೂ ಇಲ್ಲ, ಕೈಗೆ ಬದಲಾಗಿ ಏನೂ ಇಲ್ಲ. ದರ್ಜಿ ಆಗಲೇ, ಸ್ವಲ್ಪ ದಿನ ಮನೆಯಲ್ಲಿ ಸುಧಾರಿಸಿಕೋ ಎನ್ನತೊಡಗಿದ್ದ.

ಸೋಫಾ ಬಂದ ದಿನ ಅತ್ತೆಯ ಜೊತೆ ಇವಳನ್ನೂ ಮೇಲಕ್ಕೆ ಕರೆದಿದ್ದರು. ಕಾಜಾ ಅಕ್ಕ ಅಂಚಿನಲ್ಲಿ ಕೂತು ಅದರ ಹೊಲಿಗೆ ಪರೀಕ್ಷಿಸಿದಳು. ಚೆನ್ನಾಗಿತ್ತು, ಅದಕ್ಕೂ ಸಂಕಟವಾಯಿತು. ಎಡಗೈಗೆ ಚಹಾದ ಕಪ್ಪು ಬಂತು. ಕೈಯಲ್ಲೇ ಇದೆ ಎಂದು ಅವಳು ತಿಳಿದಿದ್ದಳು. ನೋಡಿದರೆ ಕಪ್ಪು ನೆಲದಲ್ಲಿತ್ತು, ಚಹಾ ತಿಳಿನೀಲಿಯ ಮೇಲಿತ್ತು.

‘ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ,’ ಎಂದು ಅತ್ತೆ ಗೋಡೆಗೆ ಹೇಳಿದರು. ಓರಗಿತ್ತಿ ತುಟಿ ಬಿಚ್ಚದೆ ಒರೆಸಿದಳು. ಮೇಲೆ ಏನು ಗಲಾಟೆ ಎಂದು ಗಂಡ ಕೇಳಿದಾಗ ಇವಳು ಕೊಟ್ಟ ಉತ್ತರ ನಿಮಗೇ ಗೊತ್ತು.

ಮೇಲ್ಮನವಿಯ ದಿನ ಗಂಡನಿಗೆ ರಜೆ ಸಿಗಲಿಲ್ಲ. ಆ ಕಚೇರಿಯ ದಾರಿ ಗೊತ್ತಿದ್ದವಳು ಓರಗಿತ್ತಿಯೊಬ್ಬಳೇ. ಅವಳ ಬೆನ್ನು ನೋಡುತ್ತ ಮೆಟ್ಟಿಲು ಹತ್ತುವಾಗ, ಜವಾನನೂ ಅವಳ ಗುರುತು ಹಿಡಿದು ನಕ್ಕಾಗ, ಕಾಜಾ ಅಕ್ಕನಿಗೆ ಮೈಯೆಲ್ಲ ಉರಿಯಿತು. ಒಳಗೆ ಮೇಜಿನಾಚೆ ಸಮಿತಿಯವರ ನಡುವೆ ವಯಸ್ಸಾದ ಡಾಕ್ಟರಮ್ಮ. ಅವರ ಬಿಳಿ ಕೋಟಿನ ಗುಂಡಿಯೊಂದು ಒಂದೆಳೆ ದಾರದಲ್ಲಿ ನೇತಾಡುತ್ತಿತ್ತು. ಇವಳ ಕಣ್ಣು ಅಲ್ಲಿಗೇ ಹೋಯಿತು.

‘ಹೇಳಮ್ಮ, ಕೈಗೆ ಏನಾಗುತ್ತೆ?’

‘ಏನಿಲ್ಲ ಮೇಡಂ...’

ಕಾಜಾ ಅಕ್ಕ ನಾಲಿಗೆ ಕಚ್ಚಿಕೊಂಡಳು. ಡಾಕ್ಟರಮ್ಮನ ಪೆನ್ನು ಆಗಲೇ ಕಾಗದಕ್ಕೆ ಇಳಿದಿತ್ತು.

‘ಬರೀಬೇಡಿ ಮೇಡಂ,’ ಓರಗಿತ್ತಿ ಎದ್ದು ನಿಂತಳು. ‘ಅಕ್ಕ ಏನಿಲ್ಲ ಅಂದ್ರೆ ಮಾತು ಈಗ ಶುರು ಅಂತ. ನನ್ನ ಹೊಸ ಸೋಫಾ ಮೇಲೆ ಕಪ್ಪು ಬೀಳಿಸಿದ್ರು. ಬಿದ್ದಿದ್ದು ಅವರಿಗೆ ಗೊತ್ತೇ ಆಗ್ಲಿಲ್ಲ, ಬೆರಳು ಇನ್ನೂ ಹಿಡ್ಕೊಂಡ ಹಾಗೇ ಇತ್ತು. ಕಣ್ಣಾರೆ ನೋಡಿದ್ದೀನಿ. ನೋಡಿಯೂ, ಅತ್ತೆ ಹೊಟ್ಟೆಕಿಚ್ಚು ಅಂದಾಗ ಸುಮ್ನಿದ್ದೆ.’

ಡಾಕ್ಟರಮ್ಮ ಕಾಜಾ ಅಕ್ಕನ ಕಡೆ ತಿರುಗಿದರು. ‘ಹೊಟ್ಟೆಕಿಚ್ಚು ಇತ್ತಾ?’

ಇನ್ನೊಂದು ‘ಏನಿಲ್ಲ’ ಗಂಟಲ ತನಕ ಬಂದಿತ್ತು. ಅದನ್ನು ನುಂಗಿಕೊಂಡಳು.

‘ಇತ್ತು. ಈಗ್ಲೂ ಇದೆ. ಇವಳ ಮುಖ ಸೊಟ್ಟ ಆಗಿದ್ದಕ್ಕೂ ಇತ್ತು, ನೆಟ್ಟಗಾಗಿದ್ದಕ್ಕೂ ಇದೆ. ಆದ್ರೆ ಕಪ್ಪು ಬಿದ್ದಿದ್ದು ಕೈಯಿಂದ.’

ಡಾಕ್ಟರಮ್ಮ ನಗಲಿಲ್ಲ. ನೋವು ಎಲ್ಲಿ ಶುರುವಾಯಿತು, ಎಷ್ಟು ಬೇಗ ಬೆರಳಿನವರೆಗೆ ಹರಡಿತು ಎಂದು ಕೆದಕಿ ಕೆದಕಿ ಕೇಳಿದರು. ಕಸುಬಿನ ಜೋಮು ಬೆರಳಲ್ಲಿ ಶುರುವಾಗಿ ನಿಧಾನವಾಗಿ ಬೆಳೆಯುತ್ತದೆ, ಹೀಗೆ ಭುಜದಿಂದ ಒಂದೇ ವಾರದಲ್ಲಿ ಇಳಿಯುವುದಿಲ್ಲ ಎಂದು ಪಕ್ಕದವರಿಗೆ ವಿವರಿಸಿದರು. ಆಮೇಲೆ ಇವಳಿಗೆ ಕಣ್ಣು ಮುಚ್ಚಿ ಎಡ ಅಂಗೈ ಚಾಚಲು ಹೇಳಿದರು.

‘ಈಗ ಹೇಳು. ಕೈಯಲ್ಲಿ ಏನಿದೆ?’

ಕಾಜಾ ಅಕ್ಕ ಮನಸ್ಸನ್ನೆಲ್ಲ ಅಂಗೈಗೆ ತಂದು ಹುಡುಕಿದಳು. ಇಲ್ಲದ್ದನ್ನು ಇದೆ ಎನ್ನಲು ಬಾಯಿ ಬರಲಿಲ್ಲ.

‘ಏನಿಲ್ಲ,’ ಎಂದಳು.

ಕಣ್ಣು ತೆರೆದರೆ ಅಂಗೈ ನಡುವೆ ಆ ಕೋಟಿನ ಗುಂಡಿ ಕೂತಿತ್ತು. ಡಾಕ್ಟರಮ್ಮ ಈ ಸಲ ಅವಳ ಮಾತನ್ನು ಇದ್ದ ಹಾಗೇ ಬರೆದುಕೊಂಡು, ಪರಿಹಾರ ಕೊಡಲು ಶಿಫಾರಸು ಮಾಡುತ್ತೇನೆ ಎಂದರು. ಪಕ್ಕದಲ್ಲಿ ಓರಗಿತ್ತಿ ಅಳುತ್ತಿದ್ದಳು. ಎರಡು ಕಣ್ಣಲ್ಲೂ ಸಮನಾಗಿ ನೀರು, ತುಟಿಯೂ ಎರಡು ಕಡೆ ಸಮನಾಗಿ ನಡುಗುತ್ತಿತ್ತು. ಕಾಜಾ ಅಕ್ಕ ಗುಂಡಿಯನ್ನು ಬಲಗೈಗೆ ತೆಗೆದುಕೊಂಡು ತಡವುತ್ತ, ಅಳುವಾಗಲೂ ಇವಳು ಎಷ್ಟು ಚೆನ್ನಾಗಿ ಕಾಣುತ್ತಾಳಲ್ಲ ಎಂದು ಉರಿದುಕೊಂಡಳು.