ಓದಿ ಮಡಚಿಟ್ಟ ಚೀಟಿ

ಹೋದ ವಾರ ಬಾಣಲೆಯಲ್ಲಿ ಕಡಲೇಕಾಯಿ ಬೀಜ ಹುರಿಯುತ್ತಿದ್ದೆ. ಸಿಪ್ಪೆ ಚಿಟಚಿಟ ಸಿಡಿದು ಆ ವಾಸನೆ ಎದ್ದದ್ದೇ ತಡ, ಒಲೆ ಆರಿಸಿ ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ. ಮೇಲಿನ ಮನೆಯ ಆಂಟಿ ನೆನಪಾದರು. ಅವರ ಬಾಯಲ್ಲಿ ಇದು ಶೇಂಗಾ…

ಎರಡು ಸಾವಿರದ ಆಸುಪಾಸಿನಲ್ಲಿ ನಾವು ಬೋಲಿಂಗ್‌ಬ್ರೂಕ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಹಡಿಯಲ್ಲಿ ಬಿಜಾಪುರದ ಕಡೆಯ ಒಂದು ಮುಸ್ಲಿಂ ಕುಟುಂಬವಿತ್ತು. ಮಗ ಎಲ್ಕ್ ಗ್ರೋವ್‌ನಲ್ಲಿ ಸಣ್ಣ ವ್ಯಾಪಾರ ಮಾಡುತ್ತಿದ್ದ, ಆಂಟಿ ಅವನ ತಾಯಿ. ನಾನು ಓಕ್ ಬ್ರೂಕ್‌ನ ಆಫೀಸಿನಿಂದ ಬರುವುದು ಆರಾಗುತ್ತಿತ್ತು. ಎರಡನೇ ಕ್ಲಾಸಿನ ನನ್ನ ಮಗಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಂಡು, ಬಿಸಿ ರೊಟ್ಟಿಗೆ ತುಪ್ಪ ಸವರಿ ತಿನ್ನಿಸಿ, ನಾನು ಬರುವ ತನಕ ನೋಡಿಕೊಳ್ಳುತ್ತಿದ್ದವರು ಅವರೇ. ನಾನೇನೂ ಕೇಳಿಕೊಂಡಿರಲಿಲ್ಲ. 'ನನಗೂ ಹೊತ್ತು ಹೋಗ್ತೈತಿ' ಎಂದು ಅವರೇ ಶುರುಮಾಡಿದ್ದು.

ಮಗಳು ಸ್ಕೌಟಿಗೆ ಸೇರಿದ್ದಳು. ಆ ವರ್ಷ ಶಾಲೆಯ ಊಟದ ಹಾಲಿನಲ್ಲಿ ಲೋಕದ ಸಂಸ್ಕೃತಿಗಳ ಮೇಳ ಇಟ್ಟುಕೊಂಡಿದ್ದರು. ಒಂದೊಂದು ದೇಶಕ್ಕೆ ಒಂದೊಂದು ಟೇಬಲ್; ಮಕ್ಕಳು ಕಾಗದದ ಪಾಸ್‌ಪೋರ್ಟ್ ಹಿಡಿದು ಟೇಬಲಿಂದ ಟೇಬಲಿಗೆ ಹೋಗಿ, ರುಚಿ ನೋಡಿ, ಮುದ್ರೆ ಒತ್ತಿಸಿಕೊಳ್ಳಬೇಕು. ಇಂಡಿಯಾದ ಟೇಬಲ್ ನಮ್ಮ ಪಾಲಿಗೆ ಬಂತು. ಸಮೋಸ ಯಾರು ಬೇಕಾದರೂ ತರುತ್ತಾರೆ, ನಮ್ಮದು ಬೇರೆಯೇ ಇರಬೇಕು ಎಂದು ನನಗೆ ಹಟ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿಕೊಡುತ್ತೀರಾ ಎಂದು ಆಂಟಿಯನ್ನು ಕೇಳಿದೆ. ಹಿಂಡಿ ಎಂದರೆ ನಮ್ಮ ಮೈಸೂರಿನ ಮಾತಿನಲ್ಲಿ ಚಟ್ನಿಪುಡಿ.

"ಶೇಂಗಾ ನಡೀತೈತೇನ್ ತಂಗಿ? ಸಾಲಿಯವ್ರನ್ನ ಒಂದ್ಸಲ ಕೇಳಿ ನೋಡು," ಎಂದರು.

"ಎಲ್ಲಾ ನಡಿಯುತ್ತೆ ಆಂಟಿ, ನೀವು ಮಾಡಿ," ಎಂದೆ.

ಶಾಲೆಯಿಂದ ಬಂದ ಚೀಟಿಯ ಕೊನೆಯ ಸಾಲು ನಾನು ಓದಿದ್ದೆ. ಕೆಲವು ಮಕ್ಕಳಿಗೆ ಅಲರ್ಜಿ ಇದೆ, ಕಡಲೇಕಾಯಿ ಬೀಜದ್ದು ಏನನ್ನೂ ತರಬಾರದು ಎಂದು ದಪ್ಪಕ್ಷರದಲ್ಲೇ ಇತ್ತು. ಓದಿ, ಮಡಚಿ, ಬ್ಯಾಗಿಗೆ ಹಾಕಿದ್ದೆ. ಕಡಲೇಕಾಯಿ ತಿಂದು ಕಾಯಿಲೆ ಬಿದ್ದವರನ್ನು ನಾನಂತೂ ಕಂಡಿರಲಿಲ್ಲ. ಇವೆಲ್ಲ ಇಲ್ಲಿಯವರ ನಾಜೂಕು ಎಂದುಕೊಂಡೆ. ಅಷ್ಟು ದೊಡ್ಡ ಜಾಣೆ ನಾನು!

ಶನಿವಾರ ಮಧ್ಯಾಹ್ನ ನಮ್ಮ ಟೇಬಲ್ಲಿನ ಮುಂದೆ ಎಲ್ಲಕ್ಕಿಂತ ಉದ್ದನೆಯ ಸಾಲು. ಮನೆಯಲ್ಲೇ ಸುಟ್ಟ ನಲವತ್ತು ರೊಟ್ಟಿ ತಂದದ್ದಲ್ಲದೆ, ಆಂಟಿ ಒಂದು ಮುದ್ದೆ ಹಿಟ್ಟನ್ನೂ ಕಲಸಿ ತಂದಿದ್ದರು. ಒಂದೊಂದು ಮಗುವಿನ ಅಂಗೈಗೂ ಉಂಡೆ ಕೊಟ್ಟು ಪಟಪಟ ತಟ್ಟಿಸುತ್ತಿದ್ದರು. ನಾನು ರೇಷ್ಮೆ ಸೀರೆಯುಟ್ಟು ಪಕ್ಕದಲ್ಲಿ ಬೀಗುತ್ತಿದ್ದೆ.

ಆಗ ಒಬ್ಬ ತಾಯಿ ಓಡಿ ಬಂದು, ತನ್ನ ಮಗಳ ಕೈಯಿಂದ ತಟ್ಟೆ ಕಿತ್ತುಕೊಂಡಳು. ಇದರಲ್ಲಿ ಪೀನಟ್ ಇದೆಯಾ ಎಂದಳು. ಮಗು ಇನ್ನೂ ಬಾಯಿಗಿಟ್ಟಿರಲಿಲ್ಲ, ದೇವರು ದೊಡ್ಡವನು. ಆ ತಾಯಿ ಕೈಚೀಲದಿಂದ ಅಲರ್ಜಿಯ ಇಂಜೆಕ್ಷನ್ ತೆಗೆದು ಹಿಡಿದುಕೊಂಡೇ ಮಗುವಿನ ಬೆರಳುಗಳನ್ನು ಒರೆಸುತ್ತಿದ್ದಳು. ಸ್ಕೌಟಿನ ಲೀಡರ್ ಬಂದಳು. ಚೀಟಿ ಓದಲಿಲ್ಲವೇ ಎಂದು ಕೇಳಿದಳು. ಹಾಲಿಗೆ ಹಾಲೇ ನಮ್ಮತ್ತ ತಿರುಗಿತ್ತು. ನನ್ನ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಇದು ನಮ್ಮ ಮೇಲಿನ ಮನೆಯವರು ಮಾಡಿ ತಂದದ್ದು, ಅವರಿಗೆ ಇಂಗ್ಲಿಷ್ ಓದಲು ಬಾರದು, ಇದರಲ್ಲಿ ಏನು ಹಾಕಿದ್ದಾರೋ ನನಗೆ ಗೊತ್ತಿರಲಿಲ್ಲ.

ಆಂಟಿಗೆ ಓದಲು ಬಾರದಿರಬಹುದು, ಕೇಳಿದರೆ ತಿಳಿಯುತ್ತಿತ್ತು. ಎರಡು ವರ್ಷದಿಂದ ನನ್ನ ಮಗಳೊಂದಿಗೆ ಟಿವಿ ನೋಡುತ್ತಿದ್ದವರು. ನನ್ನನ್ನೊಮ್ಮೆ ನೋಡಿದರು… ಆಮೇಲೆ ಎದ್ದು, ಹಿಟ್ಟು ಮೆತ್ತಿದ ಕೈಯನ್ನು ಎದೆಯ ಮೇಲಿಟ್ಟು ಆ ತಾಯಿಗೆ, "ಸಾರಿ, ಮೈ ಮಿಸ್ಟೇಕ್," ಎಂದರು. ಲೀಡರ್ ಕಸದ ಕರಿಯ ಚೀಲ ತಂದು ಹಿಂಡಿಯ ಜೊತೆಗೆ ರೊಟ್ಟಿಯನ್ನೂ ಹಾಕಿಸಿದಳು. ಆಂಟಿ ತಾವೇ ಚೀಲದ ಬಾಯಿ ಅಗಲಿಸಿ ಹಿಡಿದರು.

ಕಾರಿನಲ್ಲಿ ಆಂಟಿ ಆಡಿದ್ದು ಒಂದೇ ಮಾತು: "ಆ ಕೂಸಿಗೆ ಏನೂ ಆಗ್ಲಿಲ್ಲ, ಅಷ್ಟ ಸಾಕು." ಮನೆ ಮೂರೇ ಮೈಲಿ. ಅಷ್ಟರಲ್ಲಿ ನಾನು ಒಂದು ಮಾತು ಹೇಳಬಹುದಿತ್ತು. ಹಿಂದಿನ ಸೀಟಿನಲ್ಲಿ ಮಗಳಿದ್ದಳಲ್ಲ, ಅವಳೆದುರು ಸಣ್ಣವಳಾಗಲು ನನಗೆ ಮನಸ್ಸಾಗಲಿಲ್ಲ.

ಸೋಮವಾರ ಎಂದಿನಂತೆ ಮಗಳನ್ನು ಬಸ್ಸಿನಿಂದ ಇಳಿಸಿಕೊಂಡರು. ಆದರೆ ಅಂದು ಸಂಜೆ, "ಇನ್ ಮ್ಯಾಲೆ ಕೂಸಿನ ತಿಂಡಿ ನೀನ ಕಟ್ಟಿಡು ತಂಗಿ," ಎಂದರು. ತಮ್ಮ ಕೈಯಾರೆ ಅವಳಿಗೆ ಮತ್ತೆಂದೂ ಏನೂ ತಿನ್ನಿಸಲಿಲ್ಲ. ಮುಂದಿನ ವರ್ಷ ಮಗನ ಜೊತೆ ಡೆಟ್ರಾಯಿಟ್ ಕಡೆಗೆ ಹೋದರು. ಒಂದು ರಂಜಾನಿಗೆ ಫೋನ್ ಮಾಡಿದವಳು ಚಳಿಯ ವಿಷಯ ಮಾತಾಡಿ ಇಟ್ಟುಬಿಟ್ಟೆ. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಐದಾರು ತಿಂಗಳ ಮೇಲೆ.

ಹೋದ ವಾರ ಹಾಗೆ ಕುಳಿತವಳು ಎದ್ದು ಮಗಳಿಗೆ ಫೋನ್ ಮಾಡಿದೆ. ಅವಳಿಗೀಗ ಮೂವತ್ತು ದಾಟಿದೆ. ಚೀಟಿಯ ವಿಷಯ, ನಾನು ಓದಿದ್ದು, ಆಂಟಿ ಕೇಳಿದ್ದು, ಎಲ್ಲ ಹೇಳಿದೆ. ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: ಕಾಲೇಜಿನಿಂದ ಇಲ್ಲಿಯವರೆಗೆ ಈ ಕಥೆಯನ್ನು ಅದೆಷ್ಟು ಜನರಿಗೆ ಹೇಳಿದ್ದಾಳೋ, ಪ್ರತಿ ಸಲವೂ ಆಂಟಿಯ ದನಿಯಲ್ಲೇ 'ಮೈ ಮಿಸ್ಟೇಕ್' ಎಂದು ಅಣಕಿಸಿ ಎಲ್ಲರನ್ನೂ ನಗಿಸಿದ್ದಾಳಂತೆ.

ಗೊತ್ತು. ನಮ್ಮ ಮನೆಯಲ್ಲೂ ಎಷ್ಟೋ ಸಲ ಹಾಗೆ ಮಾಡಿ ತೋರಿಸಿದ್ದಾಳೆ. ಎಲ್ಲರ ಜೊತೆ ಕೂತು ನಾನೂ ನಕ್ಕಿದ್ದೇನೆ.