ಜುಲೈ ತಿಂಗಳ ಹೀಟರ್

ದುಬೈಯಲ್ಲಿ ಬೇಸಿಗೆ ಬಂತೆಂದರೆ ನಾವು ಗೀಸರ್ ಆರಿಸಿಬಿಡುತ್ತೇವೆ. ಮಾಳಿಗೆಯ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುತ್ತದೆ. ಆರಿಸಿದ ಗೀಸರಿನಲ್ಲಿ ಮನೆಯ ತಂಪಿಗೆ ಆರಿದ ನೀರು ಬಿಸಿನೀರಿನ ನಲ್ಲಿಯಲ್ಲಿ ಬರುತ್ತದೆ. ಊರಿಂದ ಬಂದ ನೆಂಟರಿಗೆ ಇದನ್ನು ವಿವರಿಸುವಷ್ಟರಲ್ಲಿ ಅವರು ಒಮ್ಮೆ ಕೈ ಸುಟ್ಟುಕೊಂಡಾಗಿರುತ್ತದೆ. ಇಂಥ ತಿರುಗುಮುರುಗು ಊರಿನಲ್ಲಿ ಬಾಳಿ ಪಳಗಿದ ನನಗೂ, ಜುಲೈಯಲ್ಲಿ ಹೀಟರ್ ಬೇಕಾದೀತೆಂದು ಹೊಳೆದಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ವಿಜಯಪುರದವಳು. ಅಲ್ಲಿಯ ಬಿಸಿಲು ಉಂಡು ಬೆಳೆದ ಸಿಟ್ಟೋ ಏನೋ, ಇಲ್ಲಿ ಎಸಿಯನ್ನು ಹತ್ತೊಂಬತ್ತಕ್ಕಿಂತ ಮೇಲೆ ಏರಗೊಡುತ್ತಿರಲಿಲ್ಲ. ನಾನು ಇಪ್ಪತ್ನಾಲ್ಕರ ಪಕ್ಷ. ಕೋಣೆಗೊಂದು ಅಂಕಿ ಇಟ್ಟು ಎಲ್ಲವನ್ನೂ ಫೋನಿನಿಂದಲೇ ನಡೆಸುವ ಸ್ಮಾರ್ಟ್ ಥರ್ಮೋಸ್ಟಾಟ್ ಬಂದ ಮೇಲೆ ಜಗಳಕ್ಕೆ ದೂರದ ಹಂಗೂ ತಪ್ಪಿತು. ನಾನು ಅಬುಧಾಬಿಯ ಆಫೀಸಿನಲ್ಲಿ ಕೂತು ಏರಿಸುವುದು, ಅವಳು ದುಬೈಯ ಊದ್ ಮೇಥಾ ಬಡಾವಣೆಯ ಮನೆಯಲ್ಲಿ ಕೂತು ಇಳಿಸುವುದು. ಶೀತ ಉಷ್ಣಗಳನ್ನು ಸಮನಾಗಿ ಕಾಣುವವನೇ ಜ್ಞಾನಿ ಎಂದು ಹಿರಿಯರು ಹೇಳುತ್ತಾರೆ. ಅವರ ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಫೋನ್ ಇರಲಿಲ್ಲ.

ಈ ವರ್ಷ ಗಿರಿಜಾಳಿಗೆ ಕ್ಯಾನ್ಸರ್ ಬಂತು. ಹೇಳಿಯಾಯಿತು, ಮುಂದೆ ಹೋಗೋಣ. ಔಷಧಿ ಶುರುವಾದ ಮೇಲೆ ಅವಳ ಮೈಯ ಕಾವೆಲ್ಲ ಎಲ್ಲಿ ಹೋಯಿತೋ, ಅವಳ ಕೋಣೆಯ ಅಂಕಿ ಏರುತ್ತಾ ಹೋಗಿ ನನ್ನ ಇಪ್ಪತ್ನಾಲ್ಕನ್ನೂ ದಾಟಿತು. ಇಂಥ ಗೆಲುವು ಹಗೆಯವನಿಗೂ ಬೇಡ. ಅಲ್ಲಿಯ ಎಸಿ ಆರಿಸಿದರೂ ಪಡಸಾಲೆಯ ತಂಪು ಬಾಗಿಲ ಸಂದಿಯಿಂದ ನುಗ್ಗಿ ಅವಳನ್ನು ನಡುಗಿಸುತ್ತಿತ್ತು. ಕೊನೆಗೆ ದೇರಾದ ಎಸಿ ಅಂಗಡಿಯ ಇಬ್ರಾಹಿಮನಿಗೆ ಫೋನ್ ಮಾಡಿದೆ. ಉಡುಪಿ ಕಡೆಯ ಬ್ಯಾರಿ, ಮಾತುಗಾರ.

"ಹೀಟಿಂಗಾ ಸಾರ್? ಈ ಸೆಕೆಯಲ್ಲಾ? ನಿಮ್ಮ ಮಂಡೆ ಸಮ ಉಂಟಲ್ಲ ಮಾರಾಯ್ರೆ?" ಎಂದು ನಗುತ್ತಲೇ ಒಳಗೆ ಬಂದವನು, ಕಂಬಳಿ ಹೊದ್ದು ಕೂತಿದ್ದ ಗಿರಿಜಾಳನ್ನು ಕಂಡು ನಗು ನುಂಗಿದ. ಅವಳ ಕೋಣೆಗೆ ಬಿಸಿಗಾಳಿ, ಉಳಿದ ಮನೆಗೆ ತಂಪು ಎಂದು ಹೊಂದಿಸಿ, ಹೊರಡುವಾಗ "ಖಲಾಸ್ ಅಕ್ಕ, ಇನ್ನು ಚಳಿ ಆಗ್ಲಿಕ್ಕಿಲ್ಲ" ಎಂದ.

ಅಂದಿನಿಂದ ಆಫೀಸಿನಲ್ಲಿ ನನ್ನ ಕಣ್ಣು ಆ ಕೋಣೆಯ ಅಂಕಿಯ ಮೇಲೆ. ಡಾಕ್ಟರನ್ನು ಕೇಳಿದರೆ "ನೋಡೋಣ" ಎನ್ನುತ್ತಾರೆ. ಅಂಕಿಯಾದರೂ ಏನೋ ಒಂದು ಹೇಳುತ್ತದೆ. ರಾತ್ರಿ ಅವಳ ಪಕ್ಕದಲ್ಲೇ ಮಲಗುತ್ತೇನೆ. ಬೆಳಿಗ್ಗೆ ಬನಿಯನ್ ಹಿಂಡಿದರೆ ನೀರು ಬರುತ್ತದೆ.

ಹೋದ ವಾರ ಸಂಜೆಯ ಮೀಟಿಂಗಿನ ನಡುವೆ ಫೋನ್ ನೋಡಿದರೆ ಅವಳ ಕೋಣೆ ಹತ್ತೊಂಬತ್ತು ತೋರಿಸುತ್ತಿತ್ತು. ಕಣ್ಣುಜ್ಜಿಕೊಂಡು ನೋಡಿದೆ, ಹತ್ತೊಂಬತ್ತೇ. ಮೈಗೆ ಕಾವು ಮರಳಿತು, ನಮ್ಮ ಗಿರಿಜಾ ಬಂದಳು ಎಂದುಕೊಂಡೆ. ದಾರಿಯಲ್ಲಿ ಅವಳಿಗೆ ಸೇರುವ ಪೇಡೆ ಕೊಂಡೆ. ಕಾರಿನಲ್ಲಿ ಒಬ್ಬನೇ ಹಾಡಿಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಬಾಗಿಲು ತೆರೆದರೆ ಅವಳು ಎರಡು ಕಂಬಳಿ, ಸ್ವೆಟರು, ನನ್ನ ಕಾಲುಚೀಲಗಳ ಒಳಗೆ ಮುದುಡಿ ಕೂತಿದ್ದಾಳೆ. ಹಲ್ಲು ಕಟಕಟ ಅನ್ನುತ್ತಿವೆ.

"ಏನಿದು ಗಿರಿಜಾ?"

"ನೀವು ಬರೂ ಹೊತ್ತಿಗೆ ಕೋಣಿ ತಂಪಾಗ್ಲಿ ಅಂತ. ದಿನಾ ಹಂಗ ಬೆವತು ಮಕ್ಕೋತೀರಿ, ನನಗ ನೋಡಾಕ ಆಗವಲ್ದು."

ಪೇಡೆ ಕೆಳಗಿಟ್ಟೆ. "ನನಗೂ ಯಾಕೋ ಇವತ್ತ ಥಂಡಿ ಆಗ್ಯದ" ಎಂದು ಅಂಕಿ ಏರಿಸಿ ಅವಳ ಕಂಬಳಿಯೊಳಗೆ ಸೇರಿಕೊಂಡೆ. ಅವಳು ನನ್ನ ಹಣೆ ಮುಟ್ಟಿ ನೋಡಿ, "ಸುಳ್ಳ ಹೇಳಾಕರ ಕಲೀರಿ" ಎಂದಳು.

ಈಗ ಜಗಳ ಮತ್ತೆ ಶುರುವಾಗಿದೆ. ನಾನು ಏರಿಸುತ್ತೇನೆ, ಅವಳು ಇಳಿಸುತ್ತಾಳೆ. ಅಂಕಿ ನೋಡಿ ಅವಳು ಹೇಗಿದ್ದಾಳೆಂದು ತಿಳಿಯುವ ದಾರಿಯೂ ಮುಚ್ಚಿತು. ಆದರೂ ಮೀಟಿಂಗಿನ ನಡುವೆ ಮೇಜಿನ ಕೆಳಗೆ ಫೋನ್ ಹಿಡಿದು ನೋಡುತ್ತಲೇ ಇರುತ್ತೇನೆ. ನಾನು ಏರಿಸಿದ್ದು ಇಳಿಯಿತೆಂದರೆ, ಇಳಿಸುವವಳು ಇನ್ನೂ ಇದ್ದಾಳೆ.