ಎಡೆಗಿಟ್ಟ ಪೈಪು

ನಿನ್ನೆ ಹೂವಿನಹಡಗಲಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ನನ್ನ ಹೆಂಡತಿ ಅಂಗಿಯ ತೋಳು ಹಿಡಿದು ಮೂಸಿದಳು. ನಾನು ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಇದು ನಮ್ಮ ಮನೆಯ ರಿವಾಜು. ನಾನು ಹೊರಗಿನಿಂದ ಬಂದರೆ ಮೊದಲು ಬೆರಳು ನೋಡುತ್ತಾಳೆ, ಆಮೇಲೆ ಮೀಸೆ. ಬೆರಳಿಗೆ ಎಣ್ಣೆ ಹತ್ತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಬಂದಿದ್ದೇನೆಂದು ಅರ್ಥ. ಕೊಟ್ಟೂರಿನಲ್ಲಿ ಇಷ್ಟು ವರ್ಷ ಕಳೆದವನಿಗೆ ಮಿರ್ಚಿ ತಿನ್ನಬೇಡ ಅನ್ನುವುದೂ ಉಸಿರಾಡಬೇಡ ಅನ್ನುವುದೂ ಒಂದೇ ಎಂದು ಡಾಕ್ಟರಿಗೂ ಹೇಳಿ ನೋಡಿದ್ದೇನೆ. ಅವರು ನಗಲಿಲ್ಲ.

"ಸೇದಿರೇನ್ರಿ?" ಎಂದಳು.

"ಇಲ್ಲ."

"ಮತ್ತ ಈ ವಾಸನಿ?"

"ಅಣ್ಣನ ಪೈಪಿಂದು."

"ಅದು ಗೊತ್ತಾತು. ಸೇದಿದೋರು ಯಾರು ಅಂತ ಕೇಳಿದ್ದು."

ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಕೂತೆ. ಅವಳಿಗಾದರೆ ಅರ್ಧ ಕತೆ ಗೊತ್ತು, ಉಳಿದರ್ಧ ಹೇಳಿದರೆ ಸಾಕು. ನಿಮಗೆ ಹೇಳಬೇಕಾದರೆ ನಾಟಕದಿಂದಲೇ ಶುರು ಮಾಡಬೇಕು.

ನಮ್ಮದು ಗುಡೇಕೋಟೆ ಕಡೆಯ ಹಳ್ಳಿ. ನನ್ನ ಅಣ್ಣ ಹಾಲಪ್ಪನಿಗೆ ಹರೆಯದಲ್ಲಿ ನಾಟಕದ ಹುಚ್ಚು. ಒಂದು ಸಲ ಊರ ಹುಡುಗರ ನಾಟಕದಲ್ಲಿ ಅವನಿಗೆ ಪರದೇಶದಲ್ಲಿ ಓದಿ ಬಂದ ದುಷ್ಟ ಸಾಹುಕಾರನ ಪಾತ್ರ ಸಿಕ್ಕಿತು. ಸಾಹುಕಾರ ದುಷ್ಟನೆಂದು ಜನಕ್ಕೆ ತಿಳಿಯಬೇಕಾದರೆ ಬಾಯಲ್ಲಿ ಪೈಪು ಇರಲೇಬೇಕೆಂದು ನಾಟಕದ ಮಾಸ್ತರರು ಹಟ ಹಿಡಿದರು. ಹೊಸಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಸಿಕ್ಕಿತು. ಕಂದು ಮರದ್ದು, ಕರಿ ಕೊಳವೆ, ಬಾಯಿಯ ಅಂಚು ಸ್ವಲ್ಪ ಸುಟ್ಟಿತ್ತು. ಒಳಗೆ ಬೀಡಿಯ ತಂಬಾಕು ತುಂಬಿದರು. ಪೈಪಿನ ಗುಣ ಅಲ್ಲಿ ಯಾರಿಗೆ ಗೊತ್ತಿತ್ತು ಹೇಳಿ. ಎಳೆಯುತ್ತಿದ್ದರೆ ಉರಿಯುತ್ತದೆ, ಬಾಯಿಂದ ತೆಗೆದು ನಾಲ್ಕು ಮಾತಾಡಿದರೆ ಆರಿಹೋಗುತ್ತದೆ. ಸಾಹುಕಾರನಿಗೋ ಮಾರುದ್ದದ ಮಾತುಗಳು. ನಾಯಕಿ ಕಾಲಿಗೆ ಬಿದ್ದು ಗೋಳೋ ಎಂದು ಅಳುವ ಹೊತ್ತಿಗೆ ಪೈಪು ಮತ್ತೆ ಆರಿತು. ಅಣ್ಣ ತನ್ನ ಮಾತು ಮರೆತು, ಅಳುತ್ತಿದ್ದವಳ ಕಡೆ ಬಗ್ಗಿ, "ಕಡ್ಡಿಪೆಟ್ಟಿಗಿ ಐತೇನವಾ?" ಎಂದುಬಿಟ್ಟ. ನಾಟಕ ಅಲ್ಲಿಗೆ ಕೆಟ್ಟಿತು. ಪೈಪು ಮಾತ್ರ ಅವನ ಬಾಯಲ್ಲಿ ಉಳಿಯಿತು.

ಮದುವೆಯಾಗಿ ಅವನು ಹಡಗಲಿಗೆ ಹೋದ. ಅತ್ತಿಗೆ ಗಿರಿಜಮ್ಮನ ತಂದೆಯದು ಮಲ್ಲಿಗೆ ವ್ಯಾಪಾರ. ತೋಟದವರು ನಸುಕಿನಲ್ಲಿ ತಂದ ಮೊಗ್ಗನ್ನು ತೂಗಿ, ಒದ್ದೆ ಬಟ್ಟೆ ಹಾಸಿದ ಬುಟ್ಟಿಗೆ ತುಂಬಿ, ದಾವಣಗೆರೆ, ಹೊಸಪೇಟೆಯ ಬಸ್ಸುಗಳಿಗೆ ಏರಿಸುವ ಕೆಲಸ. ಹೂವಿನ ಮನೆಗೆ ಹೊಗೆ ಸೇದುವ ಅಳಿಯ ಬಂದರೆ ಹೇಗಿರುತ್ತದೆ ಯೋಚಿಸಿ. ಮೊಗ್ಗು ವಾಸನೆ ಹಿಡಿಯುವುದರಲ್ಲಿ ಬಲು ಚುರುಕು. ಹಾಗಾಗಿ ಬುಟ್ಟಿಗಳೆಲ್ಲ ಬಸ್ಸೇರಿ, ಅಂಗಳ ತೊಳೆದು ಆಗುವ ತನಕ ಪೈಪು ಮುಟ್ಟುವಂತಿಲ್ಲ ಎಂದು ಅತ್ತಿಗೆ ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದಳಂತೆ. ಅಣ್ಣ ಅದನ್ನು ಕೊನೆಯ ತನಕ ಮೀರಲಿಲ್ಲ. ಮೀರುವ ಧೈರ್ಯವೂ ಇರಲಿಲ್ಲ ಅನ್ನಿ.

ಅದರ ಬದಲು ಹೂವಿನ ಮನೆಯಿಂದಲೇ ಅವನು ಪೈಪು ತುಂಬುವುದನ್ನು ಕಲಿತ. ನಾನು ರಜೆಯಲ್ಲಿ ಹೋದಾಗ ಮಾಳಿಗೆಯ ಮೇಲೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದ. "ಬುಟ್ಟ್ಯಾಗ ಮೊಗ್ಗು ಹೆಂಗ ತುಂಬ್ತೀವಿ? ಕೆಳಗ ಸಡಿಲ, ಮ್ಯಾಲ ತುಸು ಬಿಗಿ. ಒತ್ತಿ ತುಂಬಿದಿ ಅಂದ್ರ ಉಸಿರು ಕಟ್ಟತೈತಿ. ಇದೂ ಹಂಗ." ನನಗೂ ಒಂದು ಪೈಪು ಕೊಡಿಸಿದ್ದ. ನಾನು ತುಂಬಿದ್ದು ಒಂದೋ ಉರಿಯುತ್ತಲೇ ಇರಲಿಲ್ಲ, ಇಲ್ಲವೇ ನಾಲಿಗೆ ಸುಡುತ್ತಿತ್ತು. ವಿದ್ಯುತ್ ಇಲಾಖೆಯ ಗುಮಾಸ್ತನಿಗೆ ಬೆಂಕಿ ನಿಭಾಯಿಸಲು ಬರುವುದಿಲ್ಲವೆಂದು ಅಣ್ಣ ಹಂಗಿಸುತ್ತಿದ್ದ.

ಪೈಪಿನ ತಂಬಾಕು ನಮ್ಮ ಕಡೆ ಎಲ್ಲಿ ಸಿಗಬೇಕು? ಒಮ್ಮೆ ಯಾರೋ ಬೆಂಗಳೂರಿನಿಂದ ಪರದೇಶದ ಡಬ್ಬಿ ತಂದುಕೊಟ್ಟರು. ಮುಚ್ಚಳ ತೆಗೆದರೆ ಬೇಕರಿಯ ವಾಸನೆ. ನನಗದು ಬಹಳ ಹಿಡಿಸಿತು. ಅಣ್ಣ ಎರಡು ಎಳೆತ ಎಳೆದು ಮುಖ ಕಿವುಚಿದ. "ನಿನಗ ಹೊಗಿ ಬ್ಯಾಡ ತಮ್ಮಾ, ಪೆಪ್ಪರಮೆಂಟ್ ತಗೋ" ಎಂದು ಡಬ್ಬಿ ನನಗೇ ಕೊಟ್ಟ. ಆಮೇಲೆ ತಾನೇ ಬೆರೆಸಲು ಶುರು ಮಾಡಿದ. ಹರಪನಹಳ್ಳಿಯ ಸಾಬರೊಬ್ಬರ ಅಂಗಡಿಯಿಂದ ನಿಪ್ಪಾಣಿಯ ಕರಿ ಎಲೆ, ಮೈಸೂರು ಕಡೆಯ ಹಳದಿ ಎಲೆ. ಕರಿಯದಕ್ಕೆ ಖಾರ ಜಾಸ್ತಿ, ಗಂಟಲಿಗೆ ಗುದ್ದುತ್ತದೆ. ಹಳದಿಯದು ಸಾಧು, ಸ್ವಲ್ಪ ಸಿಹಿ, ಆದರೆ ಒಂಟಿಯಾಗಿ ಸೇದಿದರೆ ಸಪ್ಪೆ. ಬೆಳಗಿಗೆ ಹಳದಿ ಹೆಚ್ಚು, ಊಟದ ಮೇಲೆ ಕರಿ ಹೆಚ್ಚು, ಸಂಜೆಗೆ ಎರಡೂ ಸಮ, ಮೇಲೆ ಬೆಲ್ಲದ ಪಾಕ ಚಿಮುಕಿಸಿ, ಬಟ್ಟೆಯಲ್ಲಿ ಸುತ್ತಿ, ಒರಳುಕಲ್ಲಿನ ಗುಂಡಿನ ಕೆಳಗೆ ಇಡುವುದು. ಮಲ್ಲಿಗೆ ಬೆರೆಸಿದರೆ ಹೇಗೆ ಎಂದು ನಾನೇ ಒಮ್ಮೆ ಸಲಹೆ ಕೊಟ್ಟೆ. ಮೂರನೆಯ ದಿನಕ್ಕೆ ಇಡೀ ಡಬ್ಬಿಗೆ ಬೂಷ್ಟು ಹಿಡಿಯಿತು. ಅಲ್ಲಿಂದ ಮುಂದೆ ನನ್ನ ಸಲಹೆ ಯಾರೂ ಕೇಳಲಿಲ್ಲ.

ಬೆಲ್ಲದ ಪಾಕ ಮಾಡುತ್ತಿದ್ದವಳು ಅತ್ತಿಗೆ. ಬೈಯುತ್ತಲೇ ಮಾಡುತ್ತಿದ್ದಳು. "ಹೋಳಿಗಿಗೆ ಹಾಕೂ ಬೆಲ್ಲ ಹೊಗಿಗೆ ಹಾಕ್ತಾರ ನೋಡು" ಎಂದು ಗೊಣಗುತ್ತ, ಹೋಳಿಗೆಗೆ ಪುಡಿ ಮಾಡಿದ ಏಲಕ್ಕಿಯಲ್ಲೇ ಒಂದು ಚಿಟಿಕೆ ಅದಕ್ಕೂ ಹಾಕುತ್ತಿದ್ದಳು. ತಂಬಾಕು ಒಣಗದಿರಲೆಂದು ಡಬ್ಬಿಯೊಳಗೆ ಆಲೂಗಡ್ಡೆಯ ಚೂರು ಇಡುವುದೂ, ಅದು ಸುಕ್ಕಾದರೆ ಬದಲಿಸುವುದೂ ಅವಳೇ. ಆದರೆ ಪೈಪನ್ನು ಒಂದು ದಿನವೂ ಬಾಯಿಗಿಟ್ಟವಳಲ್ಲ. ಸಂಜೆ ಮಾಳಿಗೆಯಲ್ಲಿ ಅವನು ಸೇದುತ್ತ ಕೂತರೆ ಅವಳು ಮರುದಿನದ ಬುಟ್ಟಿಯ ಬಟ್ಟೆ ಹೊಲಿಯುತ್ತ ಗಾಳಿ ಬರುವ ಕಡೆ ಕೂರುತ್ತಿದ್ದಳು. ಹೊಗೆ ತಾಗಬಾರದಲ್ಲ. ನನ್ನ ಬದುಕಿನಲ್ಲಿ ನೆಮ್ಮದಿ ಅಂತ ನಾನು ಕಂಡಿದ್ದರೆ ಆ ಮಾಳಿಗೆಯ ಮೇಲೆಯೇ.

ಹೊಗೆಯ ಋಣ ಹೊಗೆ ತೀರಿಸಿಕೊಳ್ಳದೆ ಬಿಡುವುದಿಲ್ಲ. ಅಣ್ಣನ ಶ್ವಾಸಕೋಶ ಕೈಕೊಟ್ಟಿತು. ಮನೆಯಲ್ಲೇ ಆಮ್ಲಜನಕದ ಯಂತ್ರ, ಮೂಗಿಗೆ ನಳಿಕೆ. ಕಡ್ಡಿ ಗೀರುವುದಿರಲಿ, ದೇವರ ದೀಪವನ್ನೂ ಆ ಕೋಣೆಯಿಂದ ದೂರ ಹಚ್ಚಬೇಕೆಂದು ಡಾಕ್ಟರು ಹೇಳಿದ್ದರು. ಅತ್ತಿಗೆ ಪೈಪನ್ನೂ ಡಬ್ಬಿಯನ್ನೂ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. "ಒಯ್ದುಬಿಡು ತಮ್ಮಾ. ಮನ್ಯಾಗ ಇದ್ರ ನನ್ನ ಕೈಯಿಂದ ಆಗಂಗಿಲ್ಲ." ನಾನು ತಂದು ಕೊಟ್ಟೂರಿನಲ್ಲಿ ನಮ್ಮ ಬೀರುವಿನ ಮೇಲೆ ಇಟ್ಟೆ. ಎಂಟು ದಿನದೊಳಗೆ ಅಣ್ಣ ಹೋದ.

ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ನಿಮಗೆ ಗೊತ್ತಲ್ಲ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಬಾಳೆಯೆಲೆಯ ಮೇಲೆ ಬರಬೇಕು. ಹೋಳಿಗೆ, ಕಡುಬು, ಎಣ್ಣೆಗಾಯಿ. ಎಲೆಯಡಿಕೆ ಹಾಕುತ್ತಿದ್ದವರಿಗೆ ಎಲೆಯಡಿಕೆ, ಸೇದುತ್ತಿದ್ದವರಿಗೆ ಬೀಡಿಯೋ ಸಿಗರೇಟೋ ಹಚ್ಚಿ ಇಡುತ್ತಾರೆ. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದು ಕಾಯಬೇಕು, ಹಿರಿಯರು ಬಂದು ಉಣ್ಣಲೆಂದು. ಅದಕ್ಕೆ ಮೊದಲು ಯಾರೂ ಬಾಯಿ ತಾಗಿಸುವಂತಿಲ್ಲ. ತಾಗಿದರೆ ಎಂಜಲು.

ಹೋದ ವರ್ಷ, ಅಣ್ಣನಿಗೆ ಮೊದಲ ಎಡೆಗೆ, ಅತ್ತಿಗೆ ಹೇಳಿದಂತೆ ಪೈಪು ತೆಗೆದುಕೊಂಡು ಹೋದೆ. ಡಬ್ಬಿಯಲ್ಲಿ ಉಳಿದಿದ್ದ ತಂಬಾಕು ತುಂಬಿ, ಧೂಪದ ಕೆಂಡ ಒಂದನ್ನು ಚಿಮಟಿಗೆಯಿಂದ ಮೇಲಿಟ್ಟು, ಫೋಟೋದ ಮುಂದಿಟ್ಟು ಬಾಗಿಲು ಹಾಕಿದೆವು. ತೆಗೆದು ನೋಡಿದರೆ ಆರಿತ್ತು. ಇನ್ನೊಂದು ಕೆಂಡ ಇಟ್ಟೆ. ಅದೂ ಆರಿತು. ಪಕ್ಕದ ಮನೆಯಲ್ಲಿ ಮುದುಕನಿಗೆ ಹಚ್ಚಿಟ್ಟ ಸಿಗರೇಟು ಬುಡದ ತನಕ ತಾನಾಗಿ ಉರಿದಿತ್ತಂತೆ. ಅತ್ತಿಗೆಯ ಮುಖ ಬಿಳಿಚಿಕೊಂಡಿತು.

"ಒಲ್ಲೆ ಅಂದ್ರು ನೋಡು."

"ಅತ್ತಿಗಿ, ಪೈಪಿನ ಗುಣಾನ ಅದು. ಎಳಿಯೋರು ಇಲ್ದಿದ್ರ ಆರತೈತ್ರಿ. ನಾಟಕದಾಗ ಆರಿರಲಿಲ್ಲೇನು?"

"ನೀ ಸುಮ್ನಿರು. ನನ್ನ ಕೈಯಿಂದ ಒಲ್ಲೆ ಅಂದ್ರು." ಹಾಗೆಂದು ಗೋಡೆಗೆ ಒರಗಿ ಕೂತಳು. ಆಗ ಹೇಳಿದಳು. ನನ್ನ ಕೈಗೆ ಚೀಲ ಕೊಟ್ಟ ಹಿಂದಿನ ದಿನ ಅಣ್ಣ ಪೈಪು ಕೇಳಿದ್ದನಂತೆ. "ಹಚ್ಚೂದು ಬ್ಯಾಡಾಗಿತ್ತು ಅವರಿಗೆ. ತಂಬಾಕೂ ಬ್ಯಾಡ, ಬರೇ ಬಾಯಾಗ ಇಡು ಗಿರಿಜಾ ಅಂದ್ರು. ಖಾಲಿ ಪೈಪು. ಇವತ್ತ ಖಾಲಿ ಕೊಟ್ರ ನಾಳಿ ಬೆಂಕಿ ಕೇಳ್ತಾರ ಅಂತ ನಾ ಕೊಡ್ಲಿಲ್ಲ. ಮುಖ ಆ ಕಡೆ ಮಾಡಿ ಮಲಗಿದ್ರು. ಅದಾದ ಮ್ಯಾಲೆ ಮತ್ತ ಏನೂ ಕೇಳ್ಲಿಲ್ಲ ತಮ್ಮಾ, ನೀರೂ ಬಾಯಿ ಬಿಟ್ಟು ಕೇಳ್ಲಿಲ್ಲ."

ನೀವು ಮಾಡಿದ್ದು ಸರಿಯೇ ಎಂದೆ. ಸರಿಯಾಗಿಯೇ ಇತ್ತು. ಆದರೆ ಸರಿ ಎನ್ನುವ ಮಾತಿನಿಂದ ಯಾರ ಸಂಕಟ ಕಡಿಮೆಯಾಗಿದೆ? ನನಗೂ ಅಳು ಬಂತು. ಖಾಲಿ ಪೈಪು ಕೇಳಿದವನ ಮೇಲೋ, ಕೊಡದವಳ ಮೇಲೋ, ಅದನ್ನು ತಂದು ಬೀರುವಿನ ಮೇಲೆ ಇಟ್ಟು ಮರೆತ ನನ್ನ ಮೇಲೋ, ಯಾರ ಮೇಲೆ ಕನಿಕರ ಪಡಬೇಕೋ ತಿಳಿಯಲಿಲ್ಲ. ನಾನೇ ಎಳೆದು ಉರಿಸಿ ಇಡುತ್ತೇನೆ ಎಂದೆ. "ಒಬ್ಬರನ್ನ ಕಳಕೊಂಡಿದ್ದು ಸಾಕು. ನಿನ್ನ ಎದಿ ನೀ ನೋಡ್ಕೊ. ಅದೂ ಅಲ್ದ, ಎಡಿಗೆ ಎಂಜಲ ಇಡ್ತಾರೇನು?" ಎಂದು ಪೈಪು ಕಸಿದುಕೊಂಡಳು. ವರ್ಷವಿಡೀ ಹೂವಿನ ಲೆಕ್ಕ, ಬಸ್ಸು, ತೋಟದವರ ಜಗಳ ಎಲ್ಲ ಮೊದಲಿನಂತೆಯೇ ನಡೆಸಿದಳು. ಫೋನು ಮಾಡಿದಾಗೆಲ್ಲ ಕೊನೆಗೆ ಮಾತ್ರ ಒಂದೇ ಪ್ರಶ್ನೆ: "ಈ ಸಲನೂ ಆರಿದ್ರ ಏನ್ ಮಾಡ್ಲಿ?"

ಈ ವರ್ಷ ಅಮಾವಾಸ್ಯೆಗೆ ವಾರವಿರುವಾಗ ಫೋನು ಬಂತು. ತಂಬಾಕಿನ ಎಲೆ ತರಲು ಹೇಳಿದಳು. ಹಳೆಯ ತಂಬಾಕು ಒಣಗಿ ಹೊಟ್ಟಾಗಿತ್ತು. ಹರಪನಹಳ್ಳಿಗೆ ಹೋಗಿ ಕರಿಯದು, ಹಳದಿಯದು ಎರಡೂ ತಂದೆ. ಸಾಬರು, "ಹಾಲಪ್ಪನೋರ ಹದಕ್ಕೇನ್ರಿ?" ಎಂದು ಕೇಳಿ, ಒಳಗಿನ ಗೋಣಿಯಿಂದ ಒಳ್ಳೆಯದನ್ನು ಆರಿಸಿ ಕೊಟ್ಟರು. ಎರಡು ದಿನ ಮೊದಲೇ ಹಡಗಲಿಗೆ ಹೋದೆ. ಹೆಂಡತಿ ಮೊಣಕಾಲು ನೋವೆಂದು ಬರಲಿಲ್ಲ. ಯಾವ ಹದ ಬೆರೆಸಬೇಕೆಂದು ನನಗೂ ಅತ್ತಿಗೆಗೂ ವಾದವಾಯಿತು. ಊಟದ ಎಡೆಯಲ್ಲವೇ, ಊಟದ ಮೇಲಿನದೇ ಇರಲಿ ಎಂದು ನಾನು. "ಬ್ಯಾಡ. ಸಂಜಿದು ಬೆರಸು. ಸಂಜಿದು ಸೇದುವಾಗ ಅವ್ರು ಸಿಟ್ಟು ಮಾಡ್ತಿರಲಿಲ್ಲ" ಎಂದು ಅವಳು. ಪಾಕ ಅವಳೇ ಮಾಡಿದಳು. ಈ ಸಲ ಗೊಣಗಲಿಲ್ಲ. ನನಗೆ ಆ ಗೊಣಗು ಬೇಕಿತ್ತು.

ಮೊನ್ನೆ ಎಡೆ ಹಾಕಿದೆವು. ನಾನು ಪೈಪು ತುಂಬಿದೆ, ಕೆಳಗೆ ಸಡಿಲ, ಮೇಲೆ ತುಸು ಬಿಗಿ. ಅಣ್ಣನ ಮಗಳು ಶೈಲಾ ಧೂಪ ಹಾಕಿ ಹೊರಗೆ ಬಂದಳು. ಬಾಗಿಲು ಹಾಕಬೇಕು, ಅತ್ತಿಗೆ ಮಾತ್ರ ಎಲೆಯ ಮುಂದಿನಿಂದ ಏಳಲಿಲ್ಲ.

"ಯವ್ವಾ, ಬಾ. ಒಳಗ ಇರಬಾರ್ದು" ಎಂದಳು ಶೈಲಾ.

ಅತ್ತಿಗೆ ಸೆರಗು ಹೊದ್ದುಕೊಂಡು ಪೈಪು ಕೈಗೆತ್ತಿಕೊಂಡಳು. ಕಡ್ಡಿಪೆಟ್ಟಿಗೆ ತೊಡೆಯ ಮೇಲಿತ್ತು.

"ಅತ್ತಿಗಿ, ಎಂಜಲ ಆಗತೈತಿ ಅಂದಿದ್ದೋರು ನೀವ" ಎಂದೆ.

"ಹೌದು. ಲಗ್ನ ಆದಾಗಿಂದ ಅವರುಂಡ ಗಂಗಾಳದಾಗ ಉಂಡೀನಿ. ಅವ್ರ ಎಂಜಲ ನನಗ ನಡೀತು. ಒಂದಿನ ನನ್ನ ಎಂಜಲ ಅವರಿಗೆ ನಡೀಲಿ. ಬಾಗಲಾ ಹಾಕು."

ಹಾಕಿದೆ. ಶೈಲಾ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಳು. ಒಳಗೆ ಕಡ್ಡಿ ಗೀರಿದ ಸದ್ದು, ಕೆಮ್ಮು, ಇನ್ನೊಂದು ಕಡ್ಡಿ, ಮತ್ತೆ ಕೆಮ್ಮು. ಆಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಸಂದಿಯಿಂದ ಬೆಲ್ಲ ಕರಗಿದ, ಏಲಕ್ಕಿ ಸುಟ್ಟ, ಕರಿ ಎಲೆಯ ಖಾರದ ಆ ವಾಸನೆ ಬಂತು. ಅಣ್ಣ ಮಾಳಿಗೆಯ ಮೆಟ್ಟಿಲು ಇಳಿದು ಬರುವಾಗ ಅವನಿಗಿಂತ ಮುಂದೆ ಬರುತ್ತಿದ್ದ ವಾಸನೆ. ನಾನು ಗೋಡೆಗೆ ಮುಖ ಮಾಡಿ ನಿಂತು ಮಕ್ಕಳಂತೆ ಅತ್ತೆ.

ಬಾಗಿಲು ತೆಗೆದಾಗ ಕೋಣೆ ತುಂಬ ಹೊಗೆ. ನಾನೂ ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಅತ್ತಿಗೆ ಸಣ್ಣ ಸಣ್ಣ ಎಳೆತ ಎಳೆಯುತ್ತಿದ್ದಳು. ನಡುವೆ ಬೀಗದ ಕೈಯಿಂದ ಬೂದಿಯನ್ನು ಮೆಲ್ಲಗೆ ಒತ್ತುತ್ತಿದ್ದಳು, ಅಣ್ಣ ಒತ್ತುತ್ತಿದ್ದ ಹಾಗೆ. ಬುಡದ ತನಕ ಉರಿಯಿತು. ಆರಲಿಲ್ಲ. ಪೈಪನ್ನು ಎಲೆಯ ಬದಿಗೆ ಇಟ್ಟು, ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ತಗೊಂಡ್ರು" ಎಂದಳು. ಬೂದಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸುತ್ತ, "ಇಷ್ಟ ಏನು ಇದು? ಇಷ್ಟಕ್ಕ ನಾ ಇಲ್ಲ ಅಂದ್ನೇನು ತಮ್ಮಾ?"

 

ಇಷ್ಟನ್ನೂ ನಿನ್ನೆ ನನ್ನ ಹೆಂಡತಿಗೆ ಹೇಳಿದೆ. ಅವಳು ಅಂಗಿ ಎತ್ತಿಕೊಂಡು ಒಳಗೆ ಹೋದಳು. ಸಂಜೆ ಎಂದಿನಂತೆ ಮಂಡಕ್ಕಿಯ ತಟ್ಟೆ ಬಂತು. ನೋಡುತ್ತೇನೆ, ಬದಿಯಲ್ಲಿ ಒಂದು ಮಿರ್ಚಿ, ಈಗಷ್ಟೇ ಕರಿದದ್ದು.

"ಒಂದ ಒಂದು ನೋಡ್ರಿ ಮತ್ತ" ಎಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ಕೆಂಪಗಿದ್ದವು. ನಾನು ತಿನ್ನುವ ತನಕ ಎದುರಿಗೇ ಕೂತಳು. ಎಷ್ಟು ದಿನದಿಂದ ಕದ್ದು ತಿನ್ನುತ್ತಿದ್ದ ಮಿರ್ಚಿಯನ್ನು, ಅವಳೇ ಕೊಟ್ಟಾಗ, ಮೆಲ್ಲಗೆ ತೊಟ್ಟಿನ ತನಕ ತಿಂದೆ.